ಬಲಗುಂಡಿಯ ಪಟ್ಟಿಗೆ ಕನ್ನಡದ ಒಂದು ಸಾಲು

ಶಾಲಾ ವರ್ಷ ಆರಂಭವಾಗುತ್ತಿದ್ದಂತೆ ಮಕ್ಕಳಿರುವ ಮನೆಗಳಲ್ಲಿ ದಾಖಲೆಪತ್ರಗಳ ಕೆಲಸವೂ ಆರಂಭವಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ವಿಲೇಜ್ ಕಚೇರಿಯ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಗುವಿನ ಭಾವಚಿತ್ರ ಇವೆಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಅರ್ಜಿಯೊಂದಿಗೆ ಸೇರಿಸಬೇಕು. ತೊಡಕು ಬರುವುದು ಅಲ್ಲಿಯೇ. ಇಂದಿನ ಸಾಧಾರಣ ಮೊಬೈಲು ತೆಗೆಯುವ ಚಿತ್ರವೊಂದು ಮೂರು ನಾಲ್ಕು ಮೆಗಾಬೈಟ್ ತೂಗುತ್ತದೆ. ಅರ್ಜಿಯ ಪುಟವಾದರೋ ಹಲವು ಸಂದರ್ಭಗಳಲ್ಲಿ ನೂರಿನ್ನೂರು ಕಿಲೋಬೈಟಿಗಿಂತ ಹೆಚ್ಚಿನ ಕಡತವನ್ನು ಸ್ವೀಕರಿಸುವುದೇ ಇಲ್ಲ. ಚಿತ್ರ ತಿರಸ್ಕೃತವಾಗುತ್ತದೆ, ಕೊನೆಯ ದಿನಾಂಕ ಸಮೀಪಿಸುತ್ತದೆ.

ಆಗ ಹೆಚ್ಚಿನ ಹೆತ್ತವರು ಹಿಡಿಯುವ ದಾರಿ ಎರಡು. ಒಂದು, ಅಕ್ಷಯ ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಲ್ಲುವುದು. ಇನ್ನೊಂದು, ಚಿತ್ರವನ್ನು ಉಚಿತವಾಗಿ ಕಿರಿದಾಗಿಸಿ ಕೊಡುವುದಾಗಿ ಹೇಳಿಕೊಳ್ಳುವ ಯಾವುದೋ ಜಾಲತಾಣಕ್ಕೆ ಪ್ರಮಾಣಪತ್ರವನ್ನು ಏರಿಸಿ, ಚಿಕ್ಕದಾದ ಪ್ರತಿಯನ್ನು ಇಳಿಸಿಕೊಳ್ಳುವುದು. ಎರಡನೆಯದು ಸುಲಭವೆಂದು ತೋರುತ್ತದೆ. ಆದರೆ ಮಗುವಿನ ಹೆಸರು, ಜನ್ಮದಿನಾಂಕ, ಮನೆಯ ವಿಳಾಸ, ಖಾತೆಯ ಸಂಖ್ಯೆ ಇರುವ ಆ ಕಡತ ಯಾವ ದೇಶದ ಯಾವ ಯಂತ್ರಕ್ಕೆ ಹೋಯಿತು, ಅಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಏರಿಸಿದವರು ತಿಳಿಯುವ ಬಗೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸುವವರು ಹೆತ್ತವರ ಪರಿಶೀಲನಾರ್ಹ ಸಮ್ಮತಿ ಪಡೆಯಬೇಕೆಂದು ವಿಧಿಸುತ್ತದೆ. ಅವಸರದಲ್ಲಿ ಹೆತ್ತವರೇ ಕೈಯಾರೆ ಏರಿಸಿದ ಕಡತವನ್ನು ಹೆಸರು ವಿಳಾಸವಿಲ್ಲದ ತಾಣದಿಂದ ಮರಳಿ ಪಡೆಯುವುದು ಮಾತ್ರ ಯಾವ ಕಾಯ್ದೆಗೂ ಸುಲಭವಲ್ಲ.

ಲಿನಕ್ಸ್ ಅಳವಡಿಸಿದ ಕಂಪ್ಯೂಟರ್ ಮನೆಯಲ್ಲಿದ್ದರೆ ಮೂರನೆಯದೊಂದು ದಾರಿ ಇದೆ. ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದಾಗ ತೆರೆದುಕೊಳ್ಳುವ ಪಟ್ಟಿಯಲ್ಲಿ ‘ಅರ್ಜಿಗೆ ಚಿಕ್ಕದಾಗಿಸು’ ಎಂಬ ಕನ್ನಡದ ಸಾಲೊಂದನ್ನು ಮನೆಯವರೇ ಸೇರಿಸಿಕೊಳ್ಳಬಹುದು. ಒಮ್ಮೆ ಸೇರಿಸಿದರೆ ಮುಂದೆ ಪ್ರತಿ ಬಾರಿಯೂ ಅದು ಎರಡು ಒತ್ತಿನ ಕೆಲಸ. ಕಡತವು ಮನೆಯ ಯಂತ್ರದಿಂದ ಹೊರಗೆ ಹೋಗುವುದಿಲ್ಲ. ಅಂತರ್ಜಾಲ ಸಂಪರ್ಕ ಕಡಿದಿರುವಾಗಲೂ ಕೆಲಸ ನಡೆಯುತ್ತದೆ.

ಪಟ್ಟಿಯನ್ನು ಬರೆಯುವವರು ಯಾರು?

ಫೋಲ್ಡರುಗಳನ್ನು ತೆರೆದು ಕಡತಗಳನ್ನು ತೋರಿಸುವ, ನಕಲಿಸುವ, ಸ್ಥಳಾಂತರಿಸುವ, ಅಳಿಸುವ ತಂತ್ರಾಂಶಕ್ಕೆ ಫೈಲ್ ಮ್ಯಾನೇಜರ್ ಎಂದು ಹೆಸರು. ಕಂಪ್ಯೂಟರ್ ಬಳಸುವವರೆಲ್ಲರೂ ದಿನವೂ ಅದನ್ನು ಬಳಸುತ್ತಾರೆ. ಅದಕ್ಕೊಂದು ಹೆಸರಿದೆಯೆಂದು ಗಮನಿಸುವವರು ಕಡಿಮೆ. ಲಿನಕ್ಸ್‌ನಲ್ಲಿ ಇಂಥ ಹಲವು ತಂತ್ರಾಂಶಗಳಿವೆ. ಉಬುಂಟುವಿನ ಗ್ನೋಮ್ ಪರಿಸರದಲ್ಲಿ ಇರುವುದು ನಾಟಿಲಸ್. ತೆರೆಯ ಮೇಲೆ ಅದು ‘ಫೈಲ್ಸ್’ ಎಂದಷ್ಟೇ ಕಾಣುತ್ತದೆ. ಲಿನಕ್ಸ್ ಮಿಂಟ್‌ನ ಸಿನಮನ್ ಪರಿಸರದಲ್ಲಿ ನೆಮೊ, ಕೆಡಿಇಯಲ್ಲಿ ಡಾಲ್ಫಿನ್, ಎಕ್ಸ್‌ಎಫ್‌ಸಿಇಯಲ್ಲಿ ಥುನಾರ್ ಇವೆ. ಮನೆಯ ಯಂತ್ರದಲ್ಲಿರುವುದು ಯಾವುದೆಂದು ತಿಳಿಯಲು ಅದರ ಪಟ್ಟಿಗಳಲ್ಲಿ ‘ಅಬೌಟ್’ ಎಂಬ ಸಾಲನ್ನು ಒತ್ತಿ ನೋಡಿದರೆ ಸಾಕು.

ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯನ್ನು ಜನರು ಸಾಮಾನ್ಯವಾಗಿ ಸಿದ್ಧವಸ್ತುವೆಂದು ಭಾವಿಸುತ್ತಾರೆ. ತೆರೆ, ನಕಲಿಸು, ಹೆಸರು ಬದಲಿಸು, ಅಳಿಸು ಎಂಬ ಸಾಲುಗಳನ್ನು ಯಾರೋ ಎಲ್ಲಿಯೋ ತೀರ್ಮಾನಿಸಿದ್ದಾರೆ, ಬಳಸುವವರು ಅದರೊಳಗೆ ಆರಿಸಿಕೊಳ್ಳಬೇಕು ಎಂಬುದು ಆ ಭಾವನೆ. ಆದರೆ ಮೇಲೆ ಹೇಳಿದ ನಾಲ್ಕು ತಂತ್ರಾಂಶಗಳೂ ಆ ಪಟ್ಟಿಯಲ್ಲಿ ಬಳಕೆದಾರರಿಗಾಗಿ ಜಾಗ ಬಿಟ್ಟಿವೆ. ಆ ಜಾಗದಲ್ಲಿ ಸಾಲೊಂದನ್ನು ಬರೆದು, ಆ ಸಾಲನ್ನು ಒತ್ತಿದಾಗ ಯಂತ್ರವು ಯಾವ ಆದೇಶವನ್ನು ಪಾಲಿಸಬೇಕೆಂದು ಸೂಚಿಸುವುದಷ್ಟೇ ಉಳಿಯುವ ಕೆಲಸ. ಇದಕ್ಕೆ ಕಸ್ಟಮ್ ಆಕ್ಷನ್ ಎಂದು ಹೆಸರು.

ಮೊದಲೇ ಬರೆದುಕೊಟ್ಟ ಹಕ್ಕು

ಈ ಜಾಗ ಉಳಿದು ಬಂದಿರುವುದರ ಹಿಂದೆ ಕಾನೂನಿನ ಸಂಗತಿಯೊಂದಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 2(ಒ) ಕಲಮಿನ ಪ್ರಕಾರ ಕಂಪ್ಯೂಟರ್ ತಂತ್ರಾಂಶವೂ ‘ಸಾಹಿತ್ಯ ಕೃತಿ’ಯೇ. ಕಾದಂಬರಿಯೊಂದನ್ನು ಲೇಖಕನ ಅನುಮತಿಯಿಲ್ಲದೆ ಅಚ್ಚು ಹಾಕಿಸುವಂತಿಲ್ಲ, ತಿದ್ದಿ ಹಂಚುವಂತಿಲ್ಲ. ತಂತ್ರಾಂಶಕ್ಕೂ ಅದೇ ನಿಯಮ. ನ್ಯಾಯಸಮ್ಮತವಾಗಿ ಪಡೆದವನು ತಾನು ಬಳಸುವ ಉದ್ದೇಶಕ್ಕೆ ಬೇಕಾದಷ್ಟು ನಕಲು ಅಥವಾ ಮಾರ್ಪಾಡು ಮಾಡಿಕೊಳ್ಳಲು 52ನೆಯ ಕಲಮು ಅವಕಾಶ ಕೊಡುತ್ತದೆ. ಅದರಾಚೆಗಿನದೆಲ್ಲ ಕರ್ತೃವಿನ ಅಧಿಕಾರದಲ್ಲಿದೆ.

ಆ ಅಧಿಕಾರವನ್ನು ಬಳಸಿಯೇ ಬಳಕೆದಾರರಿಗೆ ಹಕ್ಕು ನೀಡುವ ಪರವಾನಗಿ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್. ಇದರ ಮೊದಲ ಆವೃತ್ತಿ 1989ರಲ್ಲಿ, ಎರಡನೆಯದು 1991ರಲ್ಲಿ, ಮೂರನೆಯದು 2007ರಲ್ಲಿ ಹೊರಬಂದವು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಮೂಲ ಬರಹವನ್ನು ಓದಿ ಬದಲಿಸಬಹುದು, ಪ್ರತಿಗಳನ್ನು ಹಂಚಬಹುದು, ಬದಲಿಸಿದ ಪ್ರತಿಯನ್ನೂ ಹಂಚಬಹುದು. ಷರತ್ತು ಮುಖ್ಯವಾಗಿ ಒಂದು: ಪಡೆದ ಹಕ್ಕುಗಳನ್ನು ಮುಂದೆ ಪಡೆಯುವವರಿಗೂ ಹಾಗೆಯೇ ದಾಟಿಸಬೇಕು.

ಇದರ ಬೆಲೆ ಏನೆಂಬುದಕ್ಕೆ ನಾಟಿಲಸ್‌ನ ಇತಿಹಾಸವೇ ಸಾಕ್ಷಿ. ಆ್ಯಪಲ್‌ನ ಮೊದಲ ಮ್ಯಾಕಿಂತಾಷ್ ತಂಡದಲ್ಲಿದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಮೊದಲಾದವರು 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈಜೆಲ್ ಎಂಬ ಕಂಪೆನಿಯನ್ನು ಕಟ್ಟಿದರು. ಲಿನಕ್ಸ್‌ಗೆ ಸಾಮಾನ್ಯರೂ ಬಳಸಬಲ್ಲ ಫೈಲ್ ಮ್ಯಾನೇಜರ್ ರೂಪಿಸುವುದು ಅವರ ಉದ್ದೇಶವಾಗಿತ್ತು. 2001ರ ಮಾರ್ಚ್‌ನಲ್ಲಿ ನಾಟಿಲಸ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದೇ ವರ್ಷ ಮೇ ತಿಂಗಳಲ್ಲಿ ಹಣವಿಲ್ಲದೆ ಕಂಪೆನಿ ಮುಚ್ಚಿತು. ಬೇರೆ ಪರವಾನಗಿಯ ತಂತ್ರಾಂಶವಾಗಿದ್ದರೆ ಅದು ಕಂಪೆನಿಯ ಜೊತೆಗೇ ಕಣ್ಮರೆಯಾಗುವ ಸಂಭವವಿತ್ತು. ಹಕ್ಕು ಎಲ್ಲರಿಗೂ ಸಂದಿದ್ದರಿಂದ ಗ್ನೋಮ್ ಯೋಜನೆಯವರು ಅದನ್ನು ಮುಂದುವರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಗ್ನೋಮ್‌ನವರು ನಾಟಿಲಸ್‌ನ ಕೆಲವು ಸೌಲಭ್ಯಗಳನ್ನು ಕೈಬಿಟ್ಟಾಗ ಲಿನಕ್ಸ್ ಮಿಂಟ್‌ನವರು ಹಳೆಯ ಬರಹವನ್ನೇ ಆಧಾರವಾಗಿಟ್ಟುಕೊಂಡು ನೆಮೊವನ್ನು ರೂಪಿಸಿದರು. ಮಾಟೆ ಎಂಬ ಪರಿಸರದಲ್ಲಿರುವ ಕಾಜ ಕೂಡ ನಾಟಿಲಸ್‌ನ ಕವಲೇ. ಇವರಾರೂ ಮೊಕದ್ದಮೆ ಹೂಡಬೇಕಾಗಲಿಲ್ಲ, ಮನವಿ ಸಲ್ಲಿಸಬೇಕಾಗಲಿಲ್ಲ. ಅನುಮತಿಯನ್ನು ಮೊದಲೇ ಬರೆದುಕೊಡಲಾಗಿತ್ತು.

ಪಟ್ಟಿಗೆ ಸಾಲೊಂದನ್ನು ಸೇರಿಸುವುದು ತಂತ್ರಾಂಶವನ್ನೇ ತಿದ್ದುವಷ್ಟು ದೊಡ್ಡ ಕಾರ್ಯವೇನೂ ಅಲ್ಲ. ಅದು ಮನೆಯ ಗೋಡೆಯನ್ನು ಒಡೆಯದೆ, ಗೂಡಿನಲ್ಲಿ ತನ್ನದೊಂದು ಪುಸ್ತಕ ಇಟ್ಟುಕೊಂಡ ಹಾಗೆ. ಮೂಲ ಬರಹವನ್ನು ಓದಲು ಬಾರದ ಸಾಮಾನ್ಯ ಕುಟುಂಬವೂ ಆ ಹಕ್ಕಿನ ಅನುಭೋಗಕ್ಕೆ ಇಳಿಯಬಹುದಾದ ಅತ್ಯಂತ ಸುಲಭದ ಮೆಟ್ಟಿಲು ಇದು.

ಥುನಾರ್‌ನಲ್ಲಿ ಮಾಡುವ ಬಗೆ

ಹೊಸದಾಗಿ ಕಲಿಯುವವರಿಗೆ ನಾಲ್ಕರಲ್ಲಿ ಸುಲಭವಾದುದು ಥುನಾರ್. ಜರ್ಮನಿಯ ಬೆನೆಡಿಕ್ಟ್ ಮೌರರ್ ರೂಪಿಸಿದ ಇದು 2007ರ ಎಕ್ಸ್‌ಎಫ್‌ಸಿಇ 4.4ರೊಂದಿಗೆ ಬಳಕೆಗೆ ಬಂತು. ಎಕ್ಸ್‌ಎಫ್‌ಸಿಇ ಪರಿಸರ ಹಗುರವಾದುದು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ನವೀಕರಣ 2025ರ ಅಕ್ಟೋಬರ್ 14ರಂದು ಕೊನೆಗೊಂಡ ಬಳಿಕ ಹಳೆಯ ಲ್ಯಾಪ್‌ಟಾಪುಗಳನ್ನು ಉಳಿಸಿಕೊಳ್ಳಬಯಸುವ ಮನೆಗಳಿಗೆ ಜುಬುಂಟು ಅಥವಾ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಪ್ಪುತ್ತದೆ. ಎರಡರಲ್ಲಿಯೂ ಥುನಾರ್ ಇದೆ.

ಚಿತ್ರಗಳನ್ನು ಚಿಕ್ಕದಾಗಿಸುವ ಕೆಲಸವನ್ನು ನಿಜಕ್ಕೂ ಮಾಡುವುದು ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದು ತಂತ್ರಾಂಶ. 1990ರಿಂದ ಸಾರ್ವಜನಿಕ ಬಳಕೆಯಲ್ಲಿರುವ ಇದು ಯಂತ್ರದಲ್ಲಿ ಇಲ್ಲದಿದ್ದರೆ ತಂತ್ರಾಂಶ ಭಂಡಾರದಿಂದ ಒಮ್ಮೆ ಉಚಿತವಾಗಿ ಅಳವಡಿಸಿಕೊಳ್ಳಬೇಕು. ಬಳಿಕ ಥುನಾರ್ ತೆರೆದು ‘ಎಡಿಟ್’ ಪಟ್ಟಿಯಲ್ಲಿರುವ ‘ಕಾನ್ಫಿಗರ್ ಕಸ್ಟಮ್ ಆಕ್ಷನ್ಸ್’ ಎಂಬುದನ್ನು ಒತ್ತಬೇಕು. ಅಲ್ಲಿ ‘ಓಪನ್ ಟರ್ಮಿನಲ್ ಹಿಯರ್’ ಎಂಬ ಮಾದರಿ ಸಾಲೊಂದು ಈಗಾಗಲೇ ಇರುತ್ತದೆ. ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಹೊಸ ಸಾಲಿನ ನಮೂನೆ ತೆರೆದುಕೊಳ್ಳುತ್ತದೆ.

ಹೆಸರಿನ ಚೌಕದಲ್ಲಿ ‘ಅರ್ಜಿಗೆ ಚಿಕ್ಕದಾಗಿಸು’ ಎಂದು ಕನ್ನಡದಲ್ಲಿಯೇ ಬರೆಯಬಹುದು. ವಿವರಣೆಯ ಚೌಕದಲ್ಲಿ ಈ ಸಾಲು ಏನು ಮಾಡುತ್ತದೆಂದು ಒಂದು ವಾಕ್ಯ ಬರೆದಿಟ್ಟರೆ ಮನೆಯ ಇತರರಿಗೂ ತಿಳಿಯುತ್ತದೆ. ಆದೇಶದ ಚೌಕದಲ್ಲಿ ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಬೇಕು. ಆ ಆದೇಶಕ್ಕೆ ಆರು ಭಾಗಗಳಿವೆ. ಒಂದರಿಂದ ಇನ್ನೊಂದಕ್ಕೆ ನಡುವೆ ಒಂದು ತೆರಪು ಬಿಡಬೇಕು.

ಮೊದಲನೆಯದು ‘ಕನ್ವರ್ಟ್’ ಎಂಬ ಪದ. ಇದು ಇಮೇಜ್‌ಮ್ಯಾಜಿಕ್‌ನ ಕರೆ. ಅದರ 7ನೆಯ ಆವೃತ್ತಿ ಇರುವ ಯಂತ್ರಗಳಲ್ಲಿ ಇದರ ಬದಲು ‘ಮ್ಯಾಜಿಕ್’ ಎಂದು ಬರೆಯಬೇಕು. ಎರಡನೆಯದು ಶೇಕಡಾ ಚಿಹ್ನೆ ಮತ್ತು ಅದಕ್ಕೆ ತಾಗಿದ ಎಫ್ ಅಕ್ಷರ. ಬಲಗುಂಡಿ ಒತ್ತಿದಾಗ ಆಯ್ಕೆಯಾಗಿದ್ದ ಕಡತದ ವಿಳಾಸವನ್ನು ಥುನಾರ್ ಈ ಚಿಹ್ನೆಯ ಜಾಗದಲ್ಲಿ ತುಂಬುತ್ತದೆ. ಇಡೀ ವ್ಯವಸ್ಥೆಯ ಕೀಲು ಇದೇ. ಮೂರನೆಯದು ಅಡ್ಡಗೆರೆಯಿಂದ ಆರಂಭವಾಗುವ ‘ಆಟೋ-ಓರಿಯಂಟ್’. ಅಡ್ಡ ಮಲಗಿದ ಚಿತ್ರವನ್ನು ನೆಟ್ಟಗೆ ಮಾಡುವುದು ಅದರ ಕೆಲಸ. ನಾಲ್ಕನೆಯದು ಅಡ್ಡಗೆರೆಯ ಬಳಿಕ ‘ರಿಸೈಜ್’, ಒಂದು ತೆರಪು, ಮತ್ತು 1000, ಎಕ್ಸ್, 1000 ಎಂದು ತೆರಪಿಲ್ಲದೆ ಬರೆದ ಅಳತೆ. ಐದನೆಯದು ಅಡ್ಡಗೆರೆಯ ಬಳಿಕ ‘ಸ್ಟ್ರಿಪ್’. ಆರನೆಯದು ಹೊಸ ಪ್ರತಿಯ ವಿಳಾಸ: ಶೇಕಡಾ ಚಿಹ್ನೆ ಮತ್ತು ಡಿ, ಓರೆಗೆರೆ, ‘ಸ್ಮಾಲ್’ ಎಂಬ ಪದ, ಅಡ್ಡಗೆರೆ, ಶೇಕಡಾ ಚಿಹ್ನೆ ಮತ್ತು ಎನ್, ಇವಿಷ್ಟನ್ನೂ ನಡುವೆ ತೆರಪಿಲ್ಲದೆ ಬರೆಯಬೇಕು. ಡಿ ಎಂಬುದು ಅದೇ ಫೋಲ್ಡರನ್ನೂ, ಎನ್ ಎಂಬುದು ಕಡತದ ಹೆಸರನ್ನೂ ಸೂಚಿಸುತ್ತದೆ. ಹೀಗೆ ಬರೆದರೆ ಮೂಲ ಚಿತ್ರದ ಪಕ್ಕದಲ್ಲಿಯೇ ‘ಸ್ಮಾಲ್’ ಎಂದು ಆರಂಭವಾಗುವ ಹೆಸರಿನ ಚಿಕ್ಕ ಪ್ರತಿ ಹುಟ್ಟುತ್ತದೆ.

ಬಳಿಕ ‘ಅಪಿಯರೆನ್ಸ್ ಕಂಡೀಷನ್ಸ್’ ಎಂಬ ಎರಡನೆಯ ಪುಟಕ್ಕೆ ಹೋಗಿ ಚಿತ್ರಗಳ ಚೌಕಕ್ಕೆ ಮಾತ್ರ ಗುರುತು ಹಾಕಿದರೆ, ಈ ಸಾಲು ಹಾಡು, ವೀಡಿಯೊ, ಬರಹಗಳ ಮೇಲೆ ಬಲಗುಂಡಿ ಒತ್ತಿದಾಗ ಕಾಣಿಸಿಕೊಳ್ಳುವುದಿಲ್ಲ. ನಮೂನೆಯನ್ನು ಒಪ್ಪಿಸಿ ಮುಚ್ಚಿದರೆ ಕೆಲಸ ಮುಗಿಯಿತು.

ಇದರ ಲೆಕ್ಕಾಚಾರ ಸರಳ. ಮೊಬೈಲಿನ ಚಿತ್ರ 4000 ಬಿಂದು ಅಗಲ, 3000 ಬಿಂದು ಎತ್ತರ ಇದ್ದರೆ ಅದರಲ್ಲಿ ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. 1000 ಬಿಂದುಗಳ ಚೌಕಕ್ಕೆ ಹೊಂದಿಸಿದಾಗ ಪ್ರಮಾಣ ಕೆಡದೆ 1000 ಮತ್ತು 750 ಆಗುತ್ತದೆ. ಬಿಂದುಗಳು ಏಳೂವರೆ ಲಕ್ಷಕ್ಕೆ, ಅಂದರೆ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತವೆ. ಇನ್ನೂ ಚಿಕ್ಕದು ಬೇಕಾದರೆ ಅಳತೆಯ ಸಂಖ್ಯೆಯನ್ನು ಇಳಿಸಬೇಕು. ಆದರೆ ಅರ್ಜಿಗೆ ಸೇರಿಸುವ ಮುನ್ನ ಪ್ರತಿಯನ್ನು ತೆರೆದು ಮೊಹರು, ಸಹಿ, ಕ್ರಮಾಂಕಗಳನ್ನು ಓದಲು ಆಗುತ್ತದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಮೊದಲೇ ಚಿಕ್ಕದಾಗಿರುವ ಚಿತ್ರಕ್ಕೆ ಈ ಸಾಲನ್ನು ಬಳಸಬಾರದು. ಅದು ಹಿಗ್ಗಿ ಮಸುಕಾಗುತ್ತದೆ.

‘ಸ್ಟ್ರಿಪ್’ ಎಂಬ ಐದನೆಯ ಭಾಗವನ್ನು ಬಿಡಬಾರದು. ಮೊಬೈಲಿನ ಕ್ಯಾಮರಾ ಚಿತ್ರದೊಳಗೆ ದಿನ, ಸಮಯ, ಮೊಬೈಲಿನ ಮಾದರಿಗಳನ್ನು ಬರೆಯುತ್ತದೆ. ಸ್ಥಳದ ಗುರುತಿಗೆ ಅನುಮತಿಯಿದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಬರೆಯುತ್ತದೆ. ಮನೆಯಂಗಳದಲ್ಲಿ ತೆಗೆದ ಮಗುವಿನ ಚಿತ್ರದಲ್ಲಿ ಮನೆ ಎಲ್ಲಿದೆಯೆಂಬ ಮಾಹಿತಿ ಅಡಗಿರಬಹುದು. ಆ ಗುಪ್ತ ಬರಹವನ್ನು ಅಳಿಸಿಹಾಕುವುದು ಆ ಒಂದು ಪದದ ಕೆಲಸ.

ಉಳಿದ ಮೂರರ ರೀತಿ

ನಾಟಿಲಸ್‌ನಲ್ಲಿ ನಮೂನೆ ತುಂಬುವ ಪುಟವಿಲ್ಲ. ಬಳಕೆದಾರರ ಸ್ವಂತ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ‘ಲೋಕಲ್’ ಎಂಬ ಫೋಲ್ಡರ್ ಮರೆಯಲ್ಲಿರುತ್ತದೆ; ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಕಾಣಿಸುತ್ತದೆ. ಅದರೊಳಗೆ ‘ಶೇರ್’, ಅದರೊಳಗೆ ‘ನಾಟಿಲಸ್’, ಅದರೊಳಗೆ ‘ಸ್ಕ್ರಿಪ್ಟ್ಸ್’ ಎಂಬ ಫೋಲ್ಡರಿನಲ್ಲಿ ಆದೇಶಗಳನ್ನು ಬರೆದ ಕಡತವನ್ನಿಟ್ಟು, ಅದರ ಪ್ರಾಪರ್ಟೀಸ್ ಪುಟದಲ್ಲಿ ‘ತಂತ್ರಾಂಶವಾಗಿ ಚಲಾಯಿಸಬಹುದು’ ಎಂಬರ್ಥದ ಅನುಮತಿಯನ್ನು ಕೊಡಬೇಕು. ಕಡತದ ಹೆಸರೇ ಬಲಗುಂಡಿಯ ‘ಸ್ಕ್ರಿಪ್ಟ್ಸ್’ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತದೆ. ಕಡತಕ್ಕೆ ಕನ್ನಡದ ಹೆಸರಿಟ್ಟರೆ ಸಾಲೂ ಕನ್ನಡದ್ದೇ.

ನೆಮೊದಲ್ಲಿ ಪ್ರತಿಯೊಂದು ಸಾಲಿಗೂ ಒಂದು ಚಿಕ್ಕ ಬರಹದ ಕಡತವಿರುತ್ತದೆ. ಅದೇ ‘ಶೇರ್’ ಫೋಲ್ಡರಿನೊಳಗಿನ ‘ನೆಮೊ’, ಅದರೊಳಗಿನ ‘ಆಕ್ಷನ್ಸ್’ ಅದರ ಜಾಗ. ಹೆಸರು, ವಿವರಣೆ, ಆದೇಶ, ಎಷ್ಟು ಕಡತಗಳು ಆಯ್ಕೆಯಾಗಿರಬೇಕು, ಯಾವ ಬಗೆಯ ಕಡತಗಳಾಗಿರಬೇಕು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯುವುದು ಅಲ್ಲಿನ ಕ್ರಮ. ಡಾಲ್ಫಿನ್‌ನಲ್ಲಿ ಇದಕ್ಕೆ ‘ಸರ್ವಿಸ್ ಮೆನು’ ಎಂದು ಹೆಸರು. ಈಗಿನ ಆವೃತ್ತಿಗಳಲ್ಲಿ ‘ಶೇರ್’ನೊಳಗಿನ ‘ಕೆಐಒ’, ಅದರೊಳಗಿನ ‘ಸರ್ವಿಸ್‌ಮೆನೂಸ್’ ಎಂಬಲ್ಲಿ ಕಡತವನ್ನಿಟ್ಟು ಅದಕ್ಕೂ ಚಲಾವಣೆಯ ಅನುಮತಿ ಕೊಡಬೇಕು.

ಎರಡು ಭಾಷೆಯ ಮಕ್ಕಳಿಗೆ ಒಂದೇ ಸಾಲು

ನೆಮೊ ಮತ್ತು ಡಾಲ್ಫಿನ್‌ಗಳ ಈ ಕಡತಗಳಲ್ಲಿ ಗಡಿನಾಡಿನ ಶಾಲೆಗಳಿಗೆ ವಿಶೇಷವಾಗಿ ಒದಗುವ ಸೌಕರ್ಯವೊಂದಿದೆ. ಹೆಸರಿನ ಸಾಲನ್ನು ಬೇರೆ ಬೇರೆ ಭಾಷೆಗಳಲ್ಲಿ ಹಲವು ಬಾರಿ ಬರೆಯಬಹುದು. ‘ನೇಮ್’ ಎಂಬ ಪದದ ಮುಂದೆ ಚೌಕ ಆವರಣದಲ್ಲಿ ಕೆ, ಎನ್ ಎಂಬ ಎರಡಕ್ಷರ ಬರೆದರೆ ಅದು ಕನ್ನಡದ ಹೆಸರು. ಎಂ, ಎಲ್ ಎಂದು ಬರೆದರೆ ಮಲೆಯಾಳದ ಹೆಸರು. ಯಂತ್ರವನ್ನು ಕನ್ನಡದಲ್ಲಿ ಬಳಸುವವರಿಗೆ ಕನ್ನಡದ ಸಾಲೂ, ಮಲೆಯಾಳದಲ್ಲಿ ಬಳಸುವವರಿಗೆ ಮಲೆಯಾಳದ ಸಾಲೂ ಕಾಣುತ್ತದೆ. ಎರಡೂ ಮಾಧ್ಯಮದ ತರಗತಿಗಳಿರುವ ಶಾಲೆಯಲ್ಲಿ ಒಂದೇ ಕಡತ ಎರಡೂ ಮಕ್ಕಳಿಗೆ ಸಾಕು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಅದು ಸೇರಿತು. ಕಂಪ್ಯೂಟರಿನ ಪಟ್ಟಿಯ ಪದಗಳು ಯಾವ ಭಾಷೆಯಲ್ಲಿರಬೇಕೆಂದು ಆ ವಿಧಿ ಹೇಳುವುದಿಲ್ಲ. ಅಲ್ಲಿ ಕನ್ನಡ ಕಾಣಬೇಕಾದರೆ ಬರೆಯಬೇಕಾದವರು ಬಳಸುವವರೇ.

ಕನ್ನಡದ ಹೆಸರುಗಳ ಬಗ್ಗೆ ಎರಡು ಸಂಗತಿಗಳು ಗೊತ್ತಿರಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಕಡತದ ಹೆಸರು 255 ಬೈಟ್‌ಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದಕ್ಷರ ಒಂದು ಬೈಟ್ ಹಿಡಿದರೆ ಕನ್ನಡದ ಪ್ರತಿಯೊಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ. ಅಂದರೆ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, 18 ಬೈಟ್ ಹೋಗುತ್ತದೆ. ಆದ್ದರಿಂದ ಕಡತದ ಹೆಸರು ಚಿಕ್ಕದಿರುವುದು ಲೇಸು. ಎರಡನೆಯದಾಗಿ, ಕೆಲವು ಅರ್ಜಿಪುಟಗಳು ಕನ್ನಡ ಹೆಸರಿನ ಕಡತವನ್ನು ಒಪ್ಪುವುದಿಲ್ಲ. ಪಟ್ಟಿಯ ಸಾಲು ಕನ್ನಡದಲ್ಲಿದ್ದರೂ ಅರ್ಜಿಗೆ ಹೋಗುವ ಪ್ರತಿಗೆ ಇಂಗ್ಲಿಷಿನ ಹೆಸರಿಡುವುದು ಕ್ಷೇಮ.

ಓದದೆ ಸಹಿ ಹಾಕಬಾರದು

ಪಟ್ಟಿಯಲ್ಲಿ ಸೇರಿಸಿದ ಸಾಲು ಬಳಕೆದಾರರ ಪೂರ್ಣ ಅಧಿಕಾರದೊಂದಿಗೆ ಕೆಲಸ ಮಾಡುತ್ತದೆ. ಬಳಕೆದಾರರು ಅಳಿಸಬಹುದಾದ ಕಡತವನ್ನು ಅದೂ ಅಳಿಸಬಲ್ಲದು. ಅವರು ಕಳುಹಿಸಬಹುದಾದುದನ್ನು ಅದೂ ಕಳುಹಿಸಬಲ್ಲದು. ಎಲ್ಲಿಂದಲೋ ಸಿಕ್ಕಿದ ಸಿದ್ಧ ಆದೇಶವನ್ನು ಅರ್ಥ ತಿಳಿಯದೆ ನಕಲಿಸಿ ಹಾಕುವುದು, ಖಾಲಿ ಮುದ್ರಾಂಕ ಕಾಗದಕ್ಕೆ ಸಹಿ ಮಾಡಿಕೊಟ್ಟಂತೆಯೇ. ನಾಟಿಲಸ್ ಮತ್ತು ಡಾಲ್ಫಿನ್‌ಗಳು ಚಲಾವಣೆಯ ಅನುಮತಿಯನ್ನು ಪ್ರತ್ಯೇಕವಾಗಿ ಕೇಳುವುದರ ಹಿನ್ನೆಲೆ ಇದೇ. ಆ ಗುರುತು ಹಾಕುವ ಮುನ್ನ ಕಡತವನ್ನು ತೆರೆದು ಪ್ರತಿಯೊಂದು ಸಾಲನ್ನೂ ಓದಬೇಕು. ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. ಆಡಳಿತಾಧಿಕಾರದ ಗುಪ್ತಪದವನ್ನು ಕೇಳುವ ಆದೇಶಗಳನ್ನು ಇಂಥ ಪಟ್ಟಿಗೆ ಸೇರಿಸಲೇಬಾರದು.

ಇನ್ನೊಂದು ಅಪಾಯ ಮೂಲಪ್ರತಿಯ ನಾಶ. ಇಮೇಜ್‌ಮ್ಯಾಜಿಕ್‌ನಲ್ಲಿ ‘ಮಾಗ್ರಿಫೈ’ ಎಂಬ ಮತ್ತೊಂದು ಆದೇಶವಿದೆ. ಅದು ಬೇರೆ ಫೋಲ್ಡರನ್ನು ಸೂಚಿಸದ ಹೊರತು ಮೂಲ ಚಿತ್ರದ ಮೇಲೆಯೇ ಹೊಸದನ್ನು ಬರೆಯುತ್ತದೆ. ಒಮ್ಮೆ ಬರೆದರೆ ಹಳೆಯದು ಹಿಂದಿರುಗದು. ಚಿತ್ರಗಳನ್ನು ಚಿಕ್ಕದಾಗಿಸುವ ಸಾಲಿನಲ್ಲಿ ಯಾವಾಗಲೂ ಬೇರೆ ಹೆಸರಿನ ಪ್ರತಿಯೇ ಹುಟ್ಟಬೇಕು. ಹೊಸ ಸಾಲನ್ನು ಮೊದಲು ಬೇಡದ ಚಿತ್ರವೊಂದರ ಮೇಲೆ ಪ್ರಯೋಗಿಸಿ, ಬಳಿಕವಷ್ಟೇ ಪ್ರಮಾಣಪತ್ರಗಳ ಮೇಲೆ ಬಳಸಬೇಕು.

ಮೂಲಪ್ರತಿ ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಮತ್ತೊಂದು ಸಾಲನ್ನೂ ಸೇರಿಸಬಹುದು. ಎಸ್‌ಎಚ್‌ಎ-256 ಎಂಬ ಗಣಿತಕ್ರಮ ಯಾವುದೇ ಕಡತವನ್ನು ಓದಿ 64 ಅಂಕಿ ಅಕ್ಷರಗಳ ಬೆರಳಚ್ಚೊಂದನ್ನು ಕೊಡುತ್ತದೆ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಬೆರಳಚ್ಚು ಪೂರ್ಣ ಬೇರೆಯಾಗುತ್ತದೆ. ಇದನ್ನು ಲೆಕ್ಕ ಹಾಕುವ ಆದೇಶ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಇಲೆಕ್ಟ್ರಾನಿಕ್ ದಾಖಲೆಯೊಂದಿಗೆ ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿಯೂ ಇಂಥ ಬೆರಳಚ್ಚನ್ನು ನಮೂದಿಸುವ ಅಂಕಣವಿದೆ. ಆಸ್ತಿಪತ್ರ, ಅಂಕಪಟ್ಟಿಗಳ ಮೂಲ ಚಿತ್ರಗಳ ಬೆರಳಚ್ಚನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟ ಮನೆಗೆ ಮುಂದೊಂದು ದಿನ ಅದರ ಪ್ರಯೋಜನ ತಿಳಿಯಬಹುದು.

ಶಾಲೆಯ ಯಂತ್ರದಲ್ಲಿ

ಕೇರಳದ ಶಾಲೆಗಳಿಗೂ ಲಿನಕ್ಸ್‌ಗೂ ಹಳೆಯ ನಂಟು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಶಾಲಾ ಪ್ರಯೋಗಾಲಯಗಳಲ್ಲಿದೆ. ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳೂ ಇವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಕಂಪ್ಯೂಟರನ್ನು ಶಾಲೆಯಲ್ಲಿ ಮೊದಲು ಕಾಣುವುದು ಲಿನಕ್ಸ್‌ನ ರೂಪದಲ್ಲಿಯೇ. ಇಲ್ಲಿ ಹೇಳಿದ ಕೆಲಸ ಅಂಥ ಮಗುವಿಗೆ ಹೊಸ ಲೋಕವೇನೂ ಅಲ್ಲ. ಎಷ್ಟೋ ಮನೆಗಳಲ್ಲಿ ಹೆತ್ತವರಿಗೆ ಕಲಿಸಿಕೊಡಬಲ್ಲವರು ಎಂಟು ಒಂಬತ್ತನೆಯ ತರಗತಿಯ ಮಕ್ಕಳೇ.

ಆದರೆ ಒಂದು ಭೇದ ಮನಸ್ಸಿನಲ್ಲಿರಬೇಕು. ತಂತ್ರಾಂಶದ ಪರವಾನಗಿ ಕೊಡುವ ಹಕ್ಕು ತಂತ್ರಾಂಶದ ಮೇಲಿನದು. ಯಂತ್ರ ಶಾಲೆಯದು, ಅದರಲ್ಲಿ ಏನನ್ನಾದರೂ ಸೇರಿಸುವ ಮುನ್ನ ಹೊಣೆ ಹೊತ್ತ ಅಧ್ಯಾಪಕರ ಒಪ್ಪಿಗೆ ಬೇಕು. ಅದರಲ್ಲಿರುವ ಇತರ ಮಕ್ಕಳ ಕಡತಗಳು ಅವರವರದು. ಅವುಗಳ ಮೇಲೆ ಪ್ರಯೋಗ ಸಲ್ಲದು. ಈ ಮೂರು ಎಲ್ಲೆಗಳನ್ನು ಮಕ್ಕಳಿಗೆ ಬೇರೆ ಬೇರೆಯಾಗಿ ತಿಳಿಸಿಕೊಡುವುದು ಆದೇಶ ಬರೆಯಲು ಕಲಿಸುವಷ್ಟೇ ಮುಖ್ಯ.

ಒಪ್ಪಿಗೆ ದೊರೆತಲ್ಲಿ ಉಪಯುಕ್ತ ಸಾಲುಗಳಿಗೆ ಕೊರತೆಯಿಲ್ಲ. ಹಲವು ಚಿತ್ರಗಳನ್ನು ಒಂದೇ ಪಿಡಿಎಫ್ ಆಗಿ ಜೋಡಿಸುವ ಸಾಲನ್ನು ಬರೆಯಬಹುದು. ಅದಕ್ಕೆ ಥುನಾರ್‌ನಲ್ಲಿ ಸಣ್ಣ ಎಫ್ ಬದಲು ದೊಡ್ಡಕ್ಷರದ ಎಫ್ ಬಳಸಿದರೆ ಆಯ್ದ ಎಲ್ಲ ಕಡತಗಳೂ ಒಟ್ಟಿಗೆ ಹೋಗುತ್ತವೆ. ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕನ್ನಡದ ಕಡತವನ್ನೂ ಅಳವಡಿಸಿದರೆ ಮುದ್ರಿತ ಕನ್ನಡ ಪುಟದ ಚಿತ್ರವನ್ನು ತಿದ್ದಬಹುದಾದ ಬರಹವಾಗಿಸುವ ಸಾಲು ಸಿದ್ಧವಾಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳು ನುಸುಳುವುದರಿಂದ ಫಲಿತವನ್ನು ಮೂಲದೊಡನೆ ಹೋಲಿಸಿ ಓದಲೇಬೇಕು. ಹಾಗಿದ್ದರೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಟೈಪ್ ಮಾಡುವ ಅಧ್ಯಾಪಕರಿಗೆ ಅರ್ಧ ಶ್ರಮ ಉಳಿಯುತ್ತದೆ.

ಕೊನೆಯದಾಗಿ, ಹೀಗೆ ಬರೆದ ಸಾಲುಗಳೆಲ್ಲ ಬಳಕೆದಾರರ ಸ್ವಂತ ಫೋಲ್ಡರಿನ ಮರೆಯಲ್ಲಿರುವ ಕಡತಗಳಲ್ಲಿ ಉಳಿಯುತ್ತವೆ. ಡಿಸ್ಕನ್ನು ಅಳಿಸಿ ಲಿನಕ್ಸ್ ಅನ್ನು ಮರಳಿ ಅಳವಡಿಸಿದರೆ ಅವೂ ಹೋಗುತ್ತವೆ. ಥುನಾರ್‌ನ ಸಾಲುಗಳೆಲ್ಲ ಚುಕ್ಕಿಯಿಂದ ಆರಂಭವಾಗುವ ‘ಕಾನ್ಫಿಗ್’ ಎಂಬ ಫೋಲ್ಡರಿನೊಳಗಿನ ‘ಥುನಾರ್’ನಲ್ಲಿ, ‘ಯುಸಿಎ’ ಎಂಬ ಹೆಸರಿನ ಒಂದೇ ಕಡತದಲ್ಲಿರುತ್ತವೆ. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಹೊಸ ಯಂತ್ರದಲ್ಲಿಯೂ ಪಟ್ಟಿ ಹಾಗೆಯೇ ಸಿಗುತ್ತದೆ; ನೆರೆಮನೆಯವರು ಕೇಳಿದರೆ ಅವರಿಗೂ ಕೊಡಬಹುದು. ಕೊಡುವಾಗ ಪ್ರತಿಯೊಂದು ಸಾಲು ಏನು ಮಾಡುತ್ತದೆಂದು ಕೂತು ವಿವರಿಸಿ, ಅವರಿಂದ ಒಮ್ಮೆ ಮಾಡಿಸಿ ನೋಡಿದರೆ, ಮುಂದಿನ ಅರ್ಜಿಯ ಕೊನೆಯ ದಿನದಂದು ಆ ಮನೆಯ ಪ್ರಮಾಣಪತ್ರವೂ ಅಪರಿಚಿತರ ಕೈಸೇರುವುದು ತಪ್ಪುತ್ತದೆ.